ಹೈದರ್ ಅಲಿ ಮತ್ತು 1760ರ ಮೈಸೂರಿನ ಒಳಜಗಳ

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಸುಮಾರು 1721ರಲ್ಲಿ ಜನಿಸಿದ ಹೈದರ್ ಅಲಿಯವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಅಕ್ಷರ ಕಲಿಯುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಆದರೆ ಅವರ ಜ್ಞಾಪಕಶಕ್ತಿ ಅಪಾರವಾಗಿತ್ತು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಶೌರ್ಯದಿಂದ ಅವರು ಮೈಸೂರು ಸೇನೆಯಲ್ಲಿ ಹೆಸರು ಗಳಿಸಿದರು.

ಆ ಕಾಲದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗಷ್ಟೇ ಅರಸರು, ಅಧಿಕಾರವೆಲ್ಲ ನಂಜರಾಜಯ್ಯನವರದು. ತಿರುಚಿನಾಪಳ್ಳಿಯ ವಿಫಲ ದಂಡಯಾತ್ರೆಯಿಂದ ಬೊಕ್ಕಸ ಬರಿದಾಗಿತ್ತು. 1758ರಲ್ಲಿ ಸಂಬಳ ಸಿಗದ ಸೈನಿಕರು ನಂಜರಾಜಯ್ಯನವರ ಬಾಗಿಲಲ್ಲೇ ಧರಣಿ ಕುಳಿತರು. ಬಾಕಿ ತೀರಿಸಿ ದಂಗೆಯನ್ನು ಶಮನಗೊಳಿಸಿದ ಹೈದರ್, ಕ್ರಮೇಣ ರಾಜ್ಯದ ಚುಕ್ಕಾಣಿಯನ್ನೇ ಹಿಡಿದರು.

ಇತ್ತ ಇಂಗ್ಲಿಷರಿಗೂ ಫ್ರೆಂಚರಿಗೂ ಸಪ್ತವಾರ್ಷಿಕ ಯುದ್ಧ ನಡೆದಿತ್ತು. ಅದರ ಒಂದು ರಣಭೂಮಿ ಯುರೋಪಾದರೆ, ಇನ್ನೊಂದು ನಮ್ಮ ನೆರೆಯ ಕರ್ನಾಟಿಕ್ ಪ್ರದೇಶ. 1760ರಲ್ಲಿ ಸಂಕಟದಲ್ಲಿದ್ದ ಪಾಂಡಿಚೇರಿಯ ಫ್ರೆಂಚರು ಹೈದರರ ನೆರವು ಕೋರಿದರು. ಹೈದರ್ ತಮ್ಮ ಭಾವಮೈದುನ ಮಖ್ದೂಮ್ ಅಲಿಯವರ ನೇತೃತ್ವದಲ್ಲಿ ದೊಡ್ಡ ಪಡೆಯನ್ನೇ ಅಲ್ಲಿಗೆ ಕಳಿಸಿದರು.

ಸೈನ್ಯ ದೂರವಿದ್ದ ಈ ಸಮಯವನ್ನೇ ಅವರ ವಿರೋಧಿಗಳು ಕಾದಿದ್ದರು. ಹಿಂದೆ ಹೈದರರ ಆಪ್ತರಾಗಿದ್ದ ಖಂಡೇರಾಯರು ಅರಮನೆಯ ಬೆಂಬಲ ಪಡೆದು, ಮರಾಠರನ್ನೂ ಕರೆಸಿ, ಆಗಸ್ಟ್ 1760ರಲ್ಲಿ ಶ್ರೀರಂಗಪಟ್ಟಣದ ಕೋಟೆಯಿಂದ ಹೈದರರ ಶಿಬಿರದ ಮೇಲೆ ಗುಂಡಿನ ಮಳೆಗರೆದರು. ಹೈದರ್ ಕುಟುಂಬವನ್ನೂ ಬಿಟ್ಟು ರಾತ್ರೋರಾತ್ರಿ ಪಾರಾಗಬೇಕಾಯಿತು. ಅವರು ಕುದುರೆಯೇರಿ ಮೊದಲು ತಲುಪಿದ್ದು ಆನೇಕಲ್ಲನ್ನು, ಅಂದರೆ ನಮ್ಮ ಬೊಮ್ಮನಹಳ್ಳಿಯ ದಕ್ಷಿಣಕ್ಕಿರುವ ಊರನ್ನು. ಅಲ್ಲಿಂದ ಬೆಂಗಳೂರು ಕೋಟೆ ಸೇರಿ ಬಲ ಕೂಡಿಸಿದರು. ಮಖ್ದೂಮ್ ಅಲಿಯವರಿಗೆ ಕೂಡಲೇ ಮರಳುವಂತೆ ಕರೆ ಹೋಯಿತು.

ಪಾಂಡಿಚೇರಿ ಒಂಟಿಯಾಯಿತು. ವಾಂಡಿವಾಶ್ ಸೋಲು, ಇಂಗ್ಲಿಷ್ ನೌಕಾಪಡೆಯ ದಿಗ್ಬಂಧನ ಇವೂ ಅದರ ಪತನಕ್ಕೆ ಕಾರಣಗಳೇ. ಆದರೆ ನೆಲದ ಮೇಲಿನ ಕೊನೆಯ ದೊಡ್ಡ ಆಸರೆ ಕಳಚಿದ್ದು ಮೈಸೂರಿನ ಒಳಜಗಳದಿಂದ. ಜನವರಿ 1761ರಲ್ಲಿ ನಗರ ಶರಣಾಯಿತು. ದಕ್ಷಿಣ ಭಾರತದಲ್ಲಿ ಇಂಗ್ಲಿಷರಿಗೆ ಸರಿಸಾಟಿಯಾದ ಯುರೋಪಿಯನ್ ಶಕ್ತಿ ಉಳಿಯಲಿಲ್ಲ.

ಅದೇ ವರ್ಷ ಹೈದರ್ ಖಂಡೇರಾಯರನ್ನು ಸೋಲಿಸಿ ಅಧಿಕಾರ ಮರಳಿ ಪಡೆದರು. 1769ರಲ್ಲಿ ಮದ್ರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರಿಂದ ಒಪ್ಪಂದ ಮಾಡಿಸಿಕೊಂಡರು. ಆದರೂ 1760ರಲ್ಲಿ ಕೈತಪ್ಪಿದ ಅವಕಾಶ ಮತ್ತೆ ಬರಲಿಲ್ಲ. ಎರಡನೇ ಇಂಗ್ಲಿಷ್–ಮೈಸೂರು ಯುದ್ಧದ ನಡುವೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಶಿಬಿರದಲ್ಲಿ ಅವರು ನಿಧನರಾದರು.

ವಿದ್ಯಾರ್ಥಿಗಳು ಲಾಲ್‌ಬಾಗನ್ನು ನೋಡುವಾಗ ಅದನ್ನು ಆರಂಭಿಸಿದ ಹೈದರರನ್ನು ನೆನೆಯುತ್ತಾರೆ. ಅದರ ಜೊತೆಗೆ ಈ ಪಾಠವನ್ನೂ ನೆನೆಯಬೇಕು: ಸಿಪಾಯಿಯ ಸಂಬಳದ ಬಾಕಿ, ಅರಮನೆಯ ಅಸಮಾಧಾನ ಇವು ಸಣ್ಣ ಸಂಗತಿಗಳಲ್ಲ. ಮನೆಯೊಳಗೆ ನ್ಯಾಯವೂ ಒಗ್ಗಟ್ಟೂ ಇಲ್ಲದ ರಾಜ್ಯದ ಮಾತಿಗೆ ಹೊರಗೆ ಬಲವಿರುವುದಿಲ್ಲ.