ಆರು ರುಚಿ, ಐದು ರತ್ನ, ಒಂದೇ ಲೆಕ್ಕ: ಮಹಾವೀರಾಚಾರ್ಯರು ನಿಜಕ್ಕೂ ಮಾಡಿದ್ದೇನು?

ಮೊದಲಿಗೆ ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಜೈನರ 24ನೇ ತೀರ್ಥಂಕರ ವರ್ಧಮಾನ ಮಹಾವೀರರು ಬೇರೆ, ಗಣಿತದ ಮಹಾವೀರಾಚಾರ್ಯರು ಬೇರೆ. ಇಬ್ಬರ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ನಾವು ಹೇಳಹೊರಟಿರುವವರು 9ನೇ ಶತಮಾನದವರು. ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ತಮ್ಮ ಪುಸ್ತಕದ ಆರಂಭದಲ್ಲೇ ಹೊಗಳಿದ್ದಾರೆ. ಅವರ ಕಾಲ ಗೊತ್ತಾಗಿದ್ದೇ ಹಾಗೆ. ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಆಸ್ಥಾನದಲ್ಲಿ.

ಹೆತ್ತವರು, ಹುಟ್ಟೂರು, ಹುಟ್ಟಿದ ದಿನ ಯಾವುದನ್ನೂ ಅವರು ಬರೆದಿಟ್ಟಿಲ್ಲ. ಹಾಗಾಗಿ ‘ಇಂಥ ದಿನ ಇಂಥ ಊರಲ್ಲಿ ಜನಿಸಿದರು’ ಎಂಬ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ. ನಮಗೆ ಉಳಿದಿರುವುದು ಅವರ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’. ಆ ಕಾಲದ ಜೈನ ಪರಂಪರೆಯ ಕುರುಹನ್ನು ಕಣ್ಣಾರೆ ನೋಡಬೇಕೆಂದರೆ, ಮಂಡ್ಯ ಸೀಮೆಯವರು ದೂರ ಹೋಗಬೇಕಿಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ.

ಮಹಾವೀರಾಚಾರ್ಯರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಖಗೋಳಶಾಸ್ತ್ರದ ನಡುವಿನ ಅಧ್ಯಾಯವಾಗಿತ್ತು. ಇವರದು ಪೂರ್ತಿ ಗಣಿತದ್ದೇ ಪುಸ್ತಕ. ಅಡುಗೆ, ಸಂಗೀತ, ವೈದ್ಯ, ಮನೆ ಕಟ್ಟುವುದು, ಛಂದಸ್ಸು ಎಲ್ಲಕ್ಕೂ ಲೆಕ್ಕ ಬೇಕು ಎಂದು ಪಟ್ಟಿಯನ್ನೇ ಕೊಡುತ್ತಾರೆ. ಎಲ್ಲ ಕಡೆಯೂ ಬೇಕಾದದ್ದು ಯಾವ ಒಂದು ಕಡೆಗೂ ಸೇರಿದ್ದಲ್ಲ, ಅಲ್ಲವೇ?

ಅವರ ಮೂರು ಲೆಕ್ಕಗಳನ್ನು ನೋಡಿ. ಒಂದರಲ್ಲಿ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಪ್ರಶ್ನೆ. ಇನ್ನೊಂದರಲ್ಲಿ ವಜ್ರ, ನೀಲ, ಪಚ್ಚೆ, ಹವಳ, ಮುತ್ತಿನ ಸರ. ಮತ್ತೊಂದರಲ್ಲಿ ಕೇದಗೆ, ಅಶೋಕ, ಸಂಪಿಗೆ, ನೈದಿಲೆ ಹೂಗಳ ಮಾಲೆ. ಮೂರಕ್ಕೂ ಸೂತ್ರ ಒಂದೇ. ಆರು ರುಚಿಯಲ್ಲಿ ಮೂರನ್ನು ಆರಿಸಬೇಕೇ? 6×5×4 ಅನ್ನು 1×2×3ರಿಂದ ಭಾಗಿಸಿ: 20 ಬಗೆ. ಒಂದರಿಂದ ಆರರವರೆಗಿನ ಎಲ್ಲ ಬೆರಕೆ ಸೇರಿಸಿದರೆ 63. ಸೂತ್ರಕ್ಕೆ ಉಪ್ಪು ಯಾವುದು, ಮುತ್ತು ಯಾವುದು ಎಂಬುದು ಬೇಕಿಲ್ಲ. ನಾಲ್ಕು ಹೂಗಳ ಬದಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದಿಟ್ಟುಕೊಳ್ಳಿ. ಯಾವ ಎರಡು ಊರುಗಳ ನಡುವೆಯೂ ನೇರ ಬಸ್ ಇರಬೇಕೆಂದರೆ 6 ಮಾರ್ಗ ಬೇಕು. ಎರಡೆರಡು ಹೂ ಆರಿಸಿದರೂ 6 ಬಗೆಯೇ.

ವಸ್ತುವನ್ನು ಬದಿಗಿಟ್ಟು ಸಂಬಂಧವನ್ನಷ್ಟೇ ಹಿಡಿಯುವ ಈ ಕೆಲಸಕ್ಕೆ ಅಮೂರ್ತೀಕರಣ ಎನ್ನುತ್ತಾರೆ. ಕೇಳಲು ಭಾರವಾದ ಪದ, ಮಾಡುವ ಕೆಲಸ ಮಾತ್ರ ಹಗುರ: ಒಮ್ಮೆ ಲೆಕ್ಕ ಹಾಕಿದರೆ ನೂರು ಕಡೆ ಮತ್ತೆ ಹಾಕಬೇಕಿಲ್ಲ. 1945ರಲ್ಲಿ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್‌ಲೇನ್ ಇದನ್ನು ಬಹಳ ಮುಂದಕ್ಕೆ ಒಯ್ದು ಕೆಟಗರಿ ಥಿಯರಿ ಕಟ್ಟಿದರು. ಅಲ್ಲಿ ಊರುಗಳಿಗಿಂತ ದಾರಿಗಳೇ ಮುಖ್ಯ. ನಾಗಮಂಗಲದಿಂದ ಪಾಂಡವಪುರಕ್ಕೆ, ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ದಾರಿ ಇದ್ದರೆ, ಎರಡನ್ನೂ ಜೋಡಿಸಿದ್ದೂ ಒಂದು ದಾರಿ. ಅದರ ಮೂಲ ನಿಯಮಗಳಲ್ಲಿ ಇದೂ ಒಂದು. ಆದರೆ ಮಹಾವೀರಾಚಾರ್ಯರಿಗೆ ಕೆಟಗರಿ ಥಿಯರಿ ಗೊತ್ತಿತ್ತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಅವರು ಎಡವಿದ್ದೂ ಉಂಟು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದರು. ಅದು ತಪ್ಪು, ಸೊನ್ನೆಯಿಂದ ಭಾಗಿಸುವುದಕ್ಕೆ ಇಂದಿನ ಗಣಿತದಲ್ಲಿ ಅರ್ಥವೇ ಇಲ್ಲ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದದ್ದು ಮಾತ್ರ ಅವರಿಗೆ ಗೊತ್ತಿದ್ದ ಸಂಖ್ಯೆಗಳ ಮಟ್ಟಿಗೆ ಸರಿಯೇ. ಅಂಥ ವರ್ಗಮೂಲಗಳ ಜೊತೆ ಲೆಕ್ಕ ಮಾಡುವ ನಿಯಮಗಳು ಇಟಲಿಯ ಬೊಂಬೆಲ್ಲಿಯ ಪುಸ್ತಕದಲ್ಲಿ ಬಂದದ್ದು 1572ರಲ್ಲಿ. ಸೊನ್ನೆಯ ತಪ್ಪನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಪುಸ್ತಕವನ್ನು ತೆಲುಗಿಗೆ ತಂದ. ಮುಂದಿನ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಿಂದ ಮೂಲವನ್ನು ಪ್ರಕಟಿಸಿದರು.

ಗುಣಿಸಿದಾಗ ಹಾರದಂತೆ ಕಾಣುವ ಉತ್ತರ ಕೊಡುವ ಸಂಖ್ಯೆಗಳನ್ನೂ ಅವರು ಹುಡುಕಿಟ್ಟಿದ್ದಾರೆ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು 152207 ಅನ್ನು 73ರಿಂದ ಗುಣಿಸಿ. ಆಮೇಲೆ 27994681 ಅನ್ನು 441ರಿಂದ. ಇದನ್ನು ಧಾರಾಳವಾಗಿ ಫಾರ್ವರ್ಡ್ ಮಾಡಿ.