ಸಹನೆಯೆಂದರೆ ಸಮ್ಮತಿಯಲ್ಲ: ಸಂತ ಮಾರ್ಗರೀತ ದ್ಯೂವಿಲ್

ಕುಟುಂಬವೇ ಪ್ರೀತಿಯ ಮೊದಲ ಪಾಠಶಾಲೆಯೆಂದು ನಾವು ಪ್ರವಚನಪೀಠದಿಂದ ಆಗಾಗ ಸಾರುತ್ತೇವೆ. ಆದರೆ ಕದ ಮುಚ್ಚಿದ ಬಳಿಕ ಅದೇ ಮನೆ ಕೆಲವರ ಪಾಲಿಗೆ ಸೆರೆಮನೆಯಾಗುವುದುಂಟು. ಅಂಥವರಿಗೆ ಶಿಲುಬೆಯನ್ನು ಹೊರಬೇಕೆಂದು ಉಪದೇಶಿಸಿ ಸುಮ್ಮನಾಗುವುದು ಸುಲಭ. ಕೆನಡಾ ದೇಶದಲ್ಲಿ ಹುಟ್ಟಿ ಸಂತಪದವಿಗೇರಿದವರಲ್ಲಿ ಮೊದಲಿಗರಾದ ಮಾರ್ಗರೀತ ದ್ಯೂವಿಲ್ ಅವರ ಜೀವನವು ಈ ವಿಷಯದಲ್ಲಿ ನಮ್ಮನ್ನು ಇನ್ನಷ್ಟು ಆಳವಾದ ಚಿಂತನೆಗೆ ಹಚ್ಚುತ್ತದೆ.

ಆಕೆ ಜನಿಸಿದ್ದು 1701ರಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿದ್ದ ಕ್ವಿಬೆಕ್ ಪ್ರಾಂತ್ಯದ ವಾರೆನ್ ಎಂಬ ಊರಿನಲ್ಲಿ. ಏಳನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಮಾರ್ಗರೀತ ಆರು ಮಕ್ಕಳಲ್ಲಿ ಹಿರಿಯಳು. ಬಂಧುಗಳ ನೆರವಿನಿಂದ ಎರಡು ವರ್ಷ ಉರ್ಸುಲಾ ಸಭೆಯ ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತು, ಮನೆಗೆ ಹಿಂದಿರುಗಿ ತಾಯಿಗೆ ಆಸರೆಯಾದರು.

1722ರಲ್ಲಿ ಮಾಂಟ್ರಿಯಲ್ ನಗರದ ಫ್ರಾನ್ಸ್ವಾ ದ್ಯೂವಿಲ್ ಎಂಬವನೊಂದಿಗೆ ಆಕೆಯ ವಿವಾಹವಾಯಿತು. ಮೂಲನಿವಾಸಿಗಳಿಗೆ ಅಕ್ರಮವಾಗಿ ಮದ್ಯ ಮಾರಿ ಅವರ ತುಪ್ಪುಳುದೊಗಲನ್ನು ಪಡೆಯುವುದು ಆತನ ವ್ಯಾಪಾರ. ಮನೆಯಲ್ಲಿ ಇರುತ್ತಿದ್ದುದು ಅಪರೂಪ. ಇದ್ದಾಗಲೂ ಹೆಂಡತಿಯ ಸುಖದುಃಖಗಳ ಪರಿವೆ ಆತನಿಗಿರಲಿಲ್ಲ. ಕೈಗೆ ಬಂದ ಹಣವೆಲ್ಲ ದುಂದುವೆಚ್ಚಕ್ಕೆ ಹೋಗುತ್ತಿತ್ತು. ವಾಸವಿದ್ದ ಮನೆ ಅತ್ತೆಯದು; ಆಕೆಯೋ ಜಿಪುಣಿ, ಕಠೋರ ಸ್ವಭಾವದವಳು. ಹೆತ್ತ ಆರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಆ ದುಃಖವನ್ನು ಹಂಚಿಕೊಳ್ಳಬೇಕಾದವನೇ ದೂರವಿದ್ದನು.

1730ರಲ್ಲಿ ಗಂಡನು ರೋಗಪೀಡಿತನಾದಾಗ ಮಾರ್ಗರೀತ ಆತನ ಶುಶ್ರೂಷೆ ಮಾಡಿದರು. ಆತನು ಸತ್ತಾಗ ಉಳಿದದ್ದು ಸಾಲದ ಹೊರೆ, ಇಬ್ಬರು ಪುಟ್ಟ ಗಂಡುಮಕ್ಕಳು, ಒಡಲಲ್ಲಿ ಇನ್ನೊಂದು ಕೂಸು. ಆ ಕೂಸೂ ಬದುಕಲಿಲ್ಲ. ಆಗ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಇಲ್ಲಿಂದ ಆಕೆಯ ಸ್ವಂತ ಬದುಕು ಆರಂಭವಾಯಿತೆನ್ನಬಹುದು. ಒಂದು ಚಿಕ್ಕ ಅಂಗಡಿಯನ್ನು ತೆರೆದು, ತಮ್ಮ ದುಡಿಮೆಯಿಂದಲೇ ಮಕ್ಕಳನ್ನು ಓದಿಸಿದರು. ಇಬ್ಬರೂ ಮುಂದೆ ಯಾಜಕರಾದರು. 1737ರಲ್ಲಿ ದೃಷ್ಟಿಹೀನಳಾದ ಒಬ್ಬ ಬಡ ಹೆಂಗಸನ್ನು ಮನೆಗೆ ಕರೆತಂದು ಸಾಕತೊಡಗಿದರು. ಅದೇ ವರ್ಷದ ಕೊನೆಯ ದಿನ ಮೂವರು ಸಂಗಾತಿಗಳೊಡನೆ ಬಡವರ ಸೇವೆಗೆ ತಮ್ಮನ್ನು ಅರ್ಪಿಸಿಕೊಂಡರು.

ಊರಿನವರು ಇದನ್ನು ಮೆಚ್ಚಲಿಲ್ಲ. ಬೀದಿಯಲ್ಲಿ ನಡೆಯುವಾಗ ಕಲ್ಲೆಸೆದರು. ಫ್ರೆಂಚ್ ಭಾಷೆಯ ಒಂದೇ ಪದಕ್ಕೆ ಬೂದುಬಣ್ಣವೆಂದೂ ಅಮಲೇರಿದವರೆಂದೂ ಎರಡರ್ಥವಿದೆ. ಗಂಡನ ಮದ್ಯವ್ಯಾಪಾರವನ್ನು ನೆನೆದು ಜನರು ಆ ಪದದಿಂದಲೇ ಇವರನ್ನು ಹಂಗಿಸಿದರು. ಗಂಡನ ಪಾಪದ ಕಳಂಕವನ್ನು ಹೆಂಡತಿಯ ಹಣೆಗೆ ಹಚ್ಚುವುದು ಎಲ್ಲ ಕಾಲದ ಲೋಕರೂಢಿ. ಮಾರ್ಗರೀತರು ಆ ಹೆಸರಿಗೆ ನಾಚಲಿಲ್ಲ; 1755ರಲ್ಲಿ ಬೂದುಬಣ್ಣದ ಉಡುಪನ್ನೇ ತಮ್ಮ ಸಭೆಯ ಸಮವಸ್ತ್ರವನ್ನಾಗಿ ಸ್ವೀಕರಿಸಿದರು. ಅವರ ಕನ್ಯಾಸ್ತ್ರೀಯರು ಇಂದಿಗೂ ಬೂದುಬಣ್ಣದ ಸೋದರಿಯರೆಂದೇ ಪ್ರಸಿದ್ಧರು.

1747ರಲ್ಲಿ ಸಾಲದಲ್ಲಿ ಮುಳುಗಿ ಪಾಳುಬಿದ್ದಿದ್ದ ಮಾಂಟ್ರಿಯಲ್‌ನ ಸಾರ್ವಜನಿಕ ಆಸ್ಪತ್ರೆಯ ಹೊಣೆಯನ್ನು ಹೊತ್ತರು. ಅಧಿಕಾರಿಗಳು ಅದನ್ನು ಕಿತ್ತುಕೊಳ್ಳಲು ಯತ್ನಿಸಿದಾಗ ಮಣಿಯಲಿಲ್ಲ. 1765ರಲ್ಲಿ ಬೆಂಕಿಗೆ ಆಹುತಿಯಾದ ಆಸ್ಪತ್ರೆಯನ್ನು ಮತ್ತೆ ಕಟ್ಟಿದರು. ತಂದೆತಾಯಿಗಳು ಬೀದಿಯಲ್ಲಿ ಬಿಟ್ಟುಹೋದ ಹಸುಗೂಸುಗಳಿಗೂ ಅಲ್ಲಿ ಆಶ್ರಯ ದೊರೆಯಿತು. ಆದರೂ ಒಂದು ಸತ್ಯವನ್ನು ಮರೆಮಾಚಲಾಗದು: ಅಂದಿನ ಸಮಾಜದ ಪದ್ಧತಿಯಂತೆ ಆ ಆಸ್ಪತ್ರೆಯಲ್ಲಿ ಗುಲಾಮರೂ ದುಡಿಯುತ್ತಿದ್ದರು. ನೋವುಂಡವರ ಕಣ್ಣಿಗೂ ಕಾಣದೆ ಉಳಿಯುವ ನೋವುಗಳಿವೆ ಎಂಬುದನ್ನು ಇದು ನಮಗೆ ಎಚ್ಚರಿಸುತ್ತದೆ.

ಮಾರ್ಗರೀತರು 1771ರ ಡಿಸೆಂಬರ್ 23ರಂದು ದೈವಾಧೀನರಾದರು. 1990ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಸಂತರೆಂದು ಘೋಷಿಸಿದರು.

ಈ ಜೀವನವನ್ನು ಓದುವಾಗ ಒಂದು ವಿವೇಚನೆ ಅಗತ್ಯ. ಸಹನೆ ಬೇರೆ, ಸಮ್ಮತಿ ಬೇರೆ. ಅನ್ಯಾಯವನ್ನು ತಾಳಿಕೊಂಡವಳು ಅದನ್ನು ನ್ಯಾಯವೆಂದು ಒಪ್ಪಿದಂತಾಗುವುದಿಲ್ಲ. ಗಂಡನನ್ನು ಉಪಚರಿಸಿದ ಕೈಗಳನ್ನು ಕಂಡು, ಆತನ ನಡತೆಯನ್ನು ಮನ್ನಿಸಲು ನಾವು ಯಾರು? ಆಕೆಯ ಸಂತತ್ವವನ್ನು ತೋರಿಸಿ, ಪೆಟ್ಟು ತಿನ್ನುತ್ತಿರುವ ಸೋದರಿಯನ್ನು ಮರಳಿ ಅದೇ ಮನೆಗೆ ಕಳುಹಿಸುವುದು ಆ ಸಂತಳಿಗೆ ಮಾಡುವ ಅಪಚಾರ. ದಂಪತಿಗಳಲ್ಲಿ ಒಬ್ಬರಿಂದ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಘೋರ ಅಪಾಯವಿದ್ದಲ್ಲಿ ಬೇರೆಯಾಗಿ ಬಾಳಲು ನ್ಯಾಯವಾದ ಕಾರಣವುಂಟೆಂದು ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿಯೇ ಒಪ್ಪುತ್ತದೆ. ಇದನ್ನು ನಮ್ಮ ವಿಶ್ವಾಸಿಗಳಲ್ಲಿ ಎಷ್ಟು ಜನ ಬಲ್ಲರು?

ಮಾರ್ಗರೀತರಿಗೆ ಬಿಡುಗಡೆ ದೊರೆತದ್ದು ಸಾವಿನ ಮೂಲಕ. ಇಂದು ಯಾರೂ ಅದಕ್ಕಾಗಿ ಕಾಯುವಂತಾಗಬಾರದು. ನೆರೆಮನೆಯ ಅಳು ಕಿವಿಗೆ ಬಿದ್ದಾಗ ಕದ ತಟ್ಟುವ ಧೈರ್ಯವನ್ನೂ, ನಮ್ಮ ಕದ ತಟ್ಟಿದವರನ್ನು ನಂಬುವ ಮನಸ್ಸನ್ನೂ ಪ್ರಭುವು ನಮಗೆ ದಯಪಾಲಿಸಲಿ.