ತಾಯಿ ತೊಡಿಸಿದ ಉಡುಪು

ಜಪಾನಿನ ಕಾದಂಬರಿಕಾರ ಶುಸಾಕು ಎಂಡೊ ಹುಟ್ಟಿದ್ದು 1923ರಲ್ಲಿ. ತಂದೆತಾಯಿ ಬೇರ್ಪಟ್ಟ ಮೇಲೆ ತಾಯಿಯ ಇಚ್ಛೆಯಂತೆ ಬಾಲಕನಾಗಿದ್ದಾಗಲೇ ಜ್ಞಾನಸ್ನಾನ ಪಡೆದರು. ತಾಯಿ ಕೊಟ್ಟ ವಿಶ್ವಾಸ ಅವರಿಗೆ ಅಳತೆಗೆ ಹೊಂದದ ಪರದೇಶದ ಉಡುಪಿನಂತೆ ಕಂಡಿತು. ಆದರೂ ಕಳಚಿ ಎಸೆಯಲಿಲ್ಲ. ಜಪಾನೀಯನ ಮೈಗೊಪ್ಪುವಂತೆ ಅದನ್ನು ಹೊಲಿಯುವುದರಲ್ಲೇ ಬಾಳು ಸವೆಸಿದರು.

ಕ್ಷಯರೋಗ, ಶ್ವಾಸಕೋಶದ ಶಸ್ತ್ರಚಿಕಿತ್ಸೆಗಳು, ಸಾವಿನ ಅಂಚು. ಬದುಕಿ ಬಂದವರು 1966ರಲ್ಲಿ ‘ಮೌನ’ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ 17ನೇ ಶತಮಾನದ ಯೇಸುಸಭೆಯ ಗುರುವೊಬ್ಬರು, ಚಿತ್ರಹಿಂಸೆ ಅನುಭವಿಸುತ್ತಿರುವ ಬಡ ಕ್ರೈಸ್ತರನ್ನು ಉಳಿಸಲು, ಕ್ರಿಸ್ತನ ಪ್ರತಿಮೆಯನ್ನೇ ತುಳಿಯುತ್ತಾರೆ. ರಕ್ತಸಾಕ್ಷಿಗಳ ನಾಡಿನ ಕಥೋಲಿಕರಲ್ಲಿ ಹಲವರು ನೊಂದರು, ಅದು ಸಹಜವೇ. ಆದರೆ ನೀವೇ ಹೇಳಿ, ತುಳಿದವನಿಗೆ ಕ್ರಿಸ್ತನ ಬಳಿ ಜಾಗವಿಲ್ಲವೇ?

ಕೊನೆಯ ಕಾದಂಬರಿ ‘ಆಳದ ನದಿ’ (1993) ನಮ್ಮ ಕಾಶಿಗೇ ಬರುತ್ತದೆ. 1996ರಲ್ಲಿ ಎಂಡೊ ತೀರಿಕೊಂಡಾಗ ಈ ಎರಡು ಪುಸ್ತಕಗಳನ್ನು ಶವಪೆಟ್ಟಿಗೆಯಲ್ಲಿ ಅವರೊಂದಿಗೆ ಇಟ್ಟರು.